ಇಪ್ಪತ್ತೊಂದು ದಿನದ ಕಟ್ಟು

ಹೋದ ತಿಂಗಳು ರೋಣದ ಬಸ್ ಸ್ಟ್ಯಾಂಡ್ ಎದುರು ಸ್ಕೂಟರಿನಿಂದ ಬಿದ್ದೆ. ಎಮ್ಮೆ ಅಡ್ಡ ಬಂತು ಎಂದು ಮನೆಯಲ್ಲಿ ಹೇಳಿದ್ದೇನೆ. ಎಮ್ಮೆ ಪಾಪ ತನ್ನ ಪಾಡಿಗೆ ತಾನು ನಿಂತಿತ್ತು, ನಾನೇ ಮೊಬೈಲ್ ನೋಡುತ್ತಿದ್ದೆ. ಎಡಗೈ ಮಣಿಕಟ್ಟು ನೋಡನೋಡುತ್ತಲೇ ಊದಿಕೊಂಡಿತು. ಮಗ ದವಾಖಾನೆಗೆ ಹೋಗೋಣ ಎಂದ. ನಾನು ಹಟ ಹಿಡಿದು ಬೆಳವಣಕಿಗೆ ಹೋದೆ. ಅಲ್ಲಿ ಎಲುಬು ಕೂಡಿಸಿ ಕಟ್ಟು ಹಾಕುವ ಮನೆತನವೊಂದಿದೆ. ಹಿಂದಿನ ಅಜ್ಜ ತೀರಿಕೊಂಡಿದ್ದಾರೆ, ಈಗ ಅವರ ಮಗ ಕಟ್ಟುತ್ತಾನೆ.

ಕೋಳಿಮೊಟ್ಟೆಯ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಅರಿವೆಯ ಪಟ್ಟಿಗೆ ಬಳಿದಾಗ ಹಸಿಹಸಿಯಾದ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಮುಖ ಆಚೆ ತಿರುಗಿಸಿದೆ. "ಭಾಳ ನೋವಾತೇನ್ರಿ ಸರ್?" ಎಂದು ಅವನು ಕೇಳಿದ. ಹೌದೆಂದೆ. ಕೈ ಅಷ್ಟೇನೂ ನೋಯುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಇದೇ ಮನೆಯಲ್ಲಿ ಹಾಕಿಸಿದ ಒಂದು ಕಟ್ಟನ್ನು ನಾನು ಅವಧಿಗೆ ಮೊದಲೇ ಕತ್ತರಿಸಿ ತೆಗೆದಿದ್ದೆ. ಅದು ಹದಿನೈದು ವರ್ಷದ ಹುಡುಗಿಯೊಬ್ಬಳ ಕಾಲಿನದಾಗಿತ್ತು.

ಆಗ ನಾನು ಗಜೇಂದ್ರಗಡದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ. ಅಂಗಡಿ ಸರ್ ಎಂದರೆ ಊರಿಗೆಲ್ಲ ಗೊತ್ತು, ಗೊತ್ತಿದ್ದದ್ದು ಮಾತ್ರ ನನ್ನ ಸೀಟಿ ಮತ್ತು ಸಿಟ್ಟು. ನನ್ನ ಕೈಯಲ್ಲಿ ಕಲಿತ ಒಂದು ಮಗುವೂ ಜಿಲ್ಲೆ ದಾಟಿ ಆಡಿರಲಿಲ್ಲ. ಅಂಥ ಹೊತ್ತಿಗೆ ಹೊರಗಿನ ಟ್ರಸ್ಟೊಂದು ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಫುಟ್ಬಾಲ್ ಕಲಿಸಲು ಒಂದು ವರ್ಷದ ಮಟ್ಟಿಗೆ ಕೋಚ್ ಒಬ್ಬರನ್ನು ಕಳಿಸಿತು. ಜಪಾನಿನವರು, ಹೆಸರು ಇಸೋಬೆ. ಊರಿನವರಿಗೆ ಮಾತ್ರ ಅವರು ಬಂದ ದಿನದಿಂದ ಜಪಾನ ಸರ್.

ಮೀನುಗಾರರ ಮಗ. ಅಲ್ಲಿಯ ಎರಡನೇ ದರ್ಜೆಯ ತಂಡದಲ್ಲಿ ಆಡಿ, ಅಲ್ಲಿ ಮೇಲೇರಲಾಗದೆ ಗೋವೆಯ ಕ್ಲಬ್ಬೊಂದಕ್ಕೆ ಬಂದು ಆರು ವರ್ಷ ಆಡಿದ್ದರು. ಗೋವೆಯಲ್ಲಿ ಅವರ ಮುಖವನ್ನು ಒಂದು ಮೀನಿನ ಮಾರುಕಟ್ಟೆಯ ಗೋಡೆಯ ಮೇಲೆ ಬರೆದಿದ್ದರಂತೆ. ಆಮೇಲೆ ಮೊಣಕಾಲು ಹೋಯಿತು. ಅಲ್ಲಿಲ್ಲಿ ಸಣ್ಣ ತಂಡಗಳಿಗೆ ಕಲಿಸುತ್ತ ನಮ್ಮಲ್ಲಿಗೆ ಬಂದರು. ಕೋಚ್ ಆಗಿ ಅವರು ಇನ್ನೂ ಏನನ್ನೂ ಗೆದ್ದಿರಲಿಲ್ಲ. ಇದನ್ನು ಅವರೇ ನನಗೆ ಹೇಳಿದ್ದು, ತಮ್ಮ ಎತ್ತರ ಇಷ್ಟು ಎಂದು ಹೇಳುವ ಧಾಟಿಯಲ್ಲಿ.

ಅವರಿಗೆ ಕನ್ನಡ ಬಾರದು, ಹುಡುಗಿಯರಿಗೆ ಇಂಗ್ಲಿಷ್ ಬಾರದು. ನಡುವೆ ನನ್ನ ಹರಕು ಇಂಗ್ಲಿಷ್. ಹಾಗಾಗಿ ಅವರು ಹೋದಲ್ಲೆಲ್ಲ ನಾನು.

ಹೋಗಲು ಜಾಗಗಳಿಗೇನೂ ಕೊರತೆ ಇರಲಿಲ್ಲ. ಬಂದ ತಿಂಗಳೊಪ್ಪತ್ತಿನಲ್ಲಿ ಅವರು ಖಡಕ್ ರೊಟ್ಟಿಯನ್ನು ಬಿಸ್ಕೀಟಿನ ಹಾಗೆ ಕಚ್ಚಿ, ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸುತ್ತ "ಭಾಳ ಚಲೋ" ಎಂದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ವಾರದೊಳಗೆ ಅದು ಗದಗ ಜಿಲ್ಲೆಯ ಎಲ್ಲ ಫೋನುಗಳಲ್ಲೂ ಇತ್ತು. ರೋಣದಲ್ಲಿ ಬಟ್ಟೆ ಅಂಗಡಿ ತೆರೆದರೆ ರಿಬ್ಬನ್ ಕತ್ತರಿಸಲು ಜಪಾನ ಸರ್. ನರಗುಂದದಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗ್ ಆದರೆ ಜಪಾನ ಸರ್. ಕ್ಷೌರದಂಗಡಿಯಲ್ಲಿ ಹುಡುಗರು ಜಪಾನ ಕಟಿಂಗ್ ಕೇಳುತ್ತಿದ್ದರು. ಅವರಿಗೊಂದು ಶಾಲು ಹೊದಿಸಿದವರು ಪಕ್ಕದಲ್ಲಿ ಹಲ್ಲು ಕಿರಿಯುತ್ತ ನಿಂತ ನನಗೂ ಒಂದು ಹೊದಿಸುತ್ತಿದ್ದರು. ಸುಳ್ಳು ಯಾಕೆ, ನನಗೆ ಅದು ಭಾಳ ಹಿಡಿಸಿತು. ಇಪ್ಪತ್ತು ವರ್ಷ ಸೀಟಿ ಊದಿದರೂ ಸಿಗದ ಶಾಲು, ಪಕ್ಕದಲ್ಲಿ ನಿಂತದ್ದಕ್ಕೆ ಸಿಕ್ಕಿತ್ತು.

ಮೈದಾನದಲ್ಲಿ ಅವರು ಬೇರೆಯೇ ಮನುಷ್ಯ. ದಿನಾ ಬೆಳಿಗ್ಗೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಇನ್ನೂ ಮಂಜಿನಲ್ಲಿರುವಾಗಲೇ, ಒಂದು ಕಲ್ಲಿನ ಮುಂದೆ ಮಂಡಿಯೂರಿ ಕೂತು ಒಬ್ಬೊಬ್ಬಳನ್ನೇ ಕರೆಯುವರು. ಕಾಲುಚೀಲ ಬಿಚ್ಚಿಸಿ ಪಾದ, ಕಾಲಿನ ಹರಡು, ಮೊಣಕಾಲ ಕೆಳಗಿನ ನಳಿಕೆಯ ಎಲುಬು ಹೆಬ್ಬೆರಳಿನಿಂದ ಒತ್ತಿ ನೋಡುವರು. "ನೋವು?" ಎಂದು ಕೇಳುವರು. ಅವರು ಮೊದಲು ಕಲಿತ ಕನ್ನಡದ ಮಾತು ಅದೇ. ಮೊದಲ ದಿನ ಹುಡುಗಿಯರು ಹೌಹಾರಿ ಹಿಂದೆ ಸರಿದಿದ್ದರು. ಗುರುವಾದವರು ಬಂದು ಶಿಷ್ಯೆಯ ಪಾದ ಹಿಡಿಯುವುದೆಂದರೆ! ಪಾಪ ಹತ್ತುತ್ತದೆಂದು ಹೆದರಿ, ಅವರು ಒತ್ತಿ ಮುಗಿಸಿದ ಕೂಡಲೇ ಪ್ರತಿಯೊಬ್ಬಳೂ ಬಗ್ಗಿ ಅವರ ಕಾಲು ಮುಟ್ಟುತ್ತಿದ್ದಳು. ಅದಕ್ಕೆ ಅವರು ಮತ್ತೆ ತಲೆ ಬಾಗಿಸುತ್ತಿದ್ದರು. ಹದಿನಾಲ್ಕು ಹುಡುಗಿಯರ ಈ ಬಗ್ಗಾಟ ಮುಗಿಯುವುದಕ್ಕೆ ಅರ್ಧ ತಾಸು ಬೇಕಾಗುತ್ತಿತ್ತು.

ಯಾಕೆ ಇಷ್ಟೊಂದು ಎಂದು ಒಮ್ಮೆ ಕೇಳಿದೆ. ಗೋವೆಯ ಕೊನೆಯ ಪಂದ್ಯದ ಕತೆ ಹೇಳಿದರು. ಮೊಣಕಾಲು ಆಗಲೇ ಕೆಟ್ಟಿತ್ತಂತೆ. ಜನ ಹೊರಗೆ ಅವರ ಹೆಸರು ಹಿಡಿದು ಕೂಗುತ್ತಿದ್ದರಂತೆ. ಇಂಜೆಕ್ಷನ್ ಚುಚ್ಚಿಸಿಕೊಂಡು ತೊಂಬತ್ತು ನಿಮಿಷ ಆಡಿದರಂತೆ. "ಯಾರೂ ನನಗೆ ಒತ್ತಾಯ ಮಾಡಲಿಲ್ಲ. ಆ ಕೂಗು ಕೇಳಿದರೆ ನನಗೆ ನೋವಿದೆ ಎಂದು ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ನಾನು ದಿನಾ ಕೇಳುತ್ತೇನೆ, ಕೂಗು ಇಲ್ಲದ ಹೊತ್ತಿನಲ್ಲಿ" ಎಂದರು. ಅದನ್ನು ಹುಡುಗಿಯರಿಗೂ ಹೇಳಲು ನನಗೆ ಹೇಳಿದರು. ಹೇಳಿದೆ. ಎಲ್ಲರಿಗಿಂತ ಗಮನ ಕೊಟ್ಟು ಕೇಳಿದವಳು ರಜಿಯಾ.

ರಜಿಯಾ ನಮ್ಮ ತಂಡದ ಜೀವ. ಅವಳ ಅಪ್ಪ ದಸ್ತಗೀರಸಾಬ ಪೇಟೆಯ ಹಿಂದಿನ ಓಣಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವರು. ಅವಳು ಸಣ್ಣವಳಿದ್ದಾಗಿನಿಂದ ಅಂಗಡಿಯಲ್ಲಿ ಅರಳೆಯ ಉಂಡೆ ಒದೆಯುತ್ತ ಬೆಳೆದವಳು. ಎಡಗಾಲಿನ ಹೊಡೆತ ಅವಳದು, ಚೆಂಡು ಎತ್ತ ಹೋಗುತ್ತದೆಂದು ಎದುರಿನವರಿಗೆ ಹೊಳೆಯುತ್ತಲೇ ಇರಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ನರಗುಂದದಲ್ಲಿ ಒಂದು ಟೂರ್ನಿ ಇತ್ತು. ಅದರ ಕೊನೆಯ ಪಂದ್ಯ ನೋಡಲು ಸರ್ಕಾರದ ಕ್ರೀಡಾ ಹಾಸ್ಟೆಲಿನಿಂದ ಆಯ್ಕೆಗಾರರು ಬರುವವರಿದ್ದರು. ನಾವು ಆ ಪಂದ್ಯಕ್ಕೆ ತಲುಪಿದ್ದೆವು. ರಜಿಯಾ ಅಂದು ಆಡಿದರೆ ಹಾಸ್ಟೆಲಿನ ಸೀಟು ಅವಳದೇ ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಆಗಲೇ ಒಂದು ಟ್ರಂಕಿಗೆ ಹೆಸರು ಬರೆಸಿಟ್ಟಿದ್ದಳು.

ಪಂದ್ಯಕ್ಕೆ ಎರಡು ವಾರ ಇರುವಾಗ ಜಪಾನ ಸರ್ ವೀಸಾ ಕಾಗದದ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಹೋಗುವಾಗ ನನಗೆ ಹೇಳಿದ್ದು ಎರಡೇ ಮಾತು: ಮಳೆ ನಿಂತ ಮೇಲೆ ಮೈದಾನದ ಮಗ್ಗುಲಿನ ಹೊಲದಲ್ಲಿ ಆಡಿಸಬೇಡ, ಕಾಲು ನೋಡುವುದನ್ನು ಬಿಡಬೇಡ. ನಾನು ಎರಡನೆಯದನ್ನು ಮೊದಲ ದಿನವೇ ಬಿಟ್ಟೆ, ನನ್ನ ವಯಸ್ಸಿಗೆ ಹುಡುಗಿಯರ ಕಾಲು ಒತ್ತುವುದೇ ಎಂದು. ಎರಡನೇ ದಿನ ಮೈದಾನದಲ್ಲಿ ನೀರು ನಿಂತಿತ್ತೆಂದು ಹೊಲದಲ್ಲಿ ಆಡಿಸಿದೆ. ಎರಿಮಣ್ಣು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬಿರುಕು ಬಾಯಿ ತೆರೆದಿರುತ್ತದೆ. ಓಡಿ ಬಂದ ರಜಿಯಾಳ ಎಡಗಾಲು ಅದರೊಳಗೆ ಹೋಯಿತು.

ದವಾಖಾನೆಗೆ ಹೋದರೆ ಎಕ್ಸ್‌ರೇ, ಎಕ್ಸ್‌ರೇ ಆದರೆ ಕಾಗದ, ಕಾಗದ ಆದರೆ ಜಪಾನ ಸರ್‌ಗೆ ಗೊತ್ತಾಗುತ್ತದೆ. ಅವಳನ್ನು ಬೆಳವಣಕಿಗೆ ಕರೆದೊಯ್ದೆ. ಅಜ್ಜ ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದರು.

"ಎಲುಬು ಬಿರುಕ ಬಿಟ್ಟೈತ್ರಿ, ಮುರದಿಲ್ಲ. ಇಪ್ಪತ್ತೊಂದ ದಿನ ಕಟ್ಟ ಬಿಚ್ಚಬ್ಯಾಡ್ರಿ. ಕೂಡ್ತೈತಿ. ಮದ್ಲ ಬಿಚ್ಚಿದ್ರ ನನ್ನ ಕೇಳಾಕ ಬರಬ್ಯಾಡ್ರಿ."

ಪಂದ್ಯಕ್ಕೆ ಉಳಿದದ್ದು ಹನ್ನೆರಡು ದಿನ. ರಜಿಯಾ ದಾರಿಯುದ್ದಕ್ಕೂ ಅತ್ತಳು, ನೋವಿಗಲ್ಲ. ಅವಳನ್ನು ಸಮಾಧಾನ ಮಾಡುತ್ತ ಮಾಡುತ್ತ ನಾನೇ ಒಂದು ಉಪಾಯ ಹೂಡಿದೆ.

ಆ ವರ್ಷ ಮಲಪ್ರಭೆ ದಂಡೆ ಮೀರಿದ್ದಳು. ಕೊಣ್ಣೂರಿನ ಸೇತುವೆ ಮುಳುಗಿ ಬಸ್ಸು ಬಂದ್ ಆಗಿದ್ದವು. ರಜಿಯಾಳ ಅಜ್ಜಿಯ ಊರು ಕೊಣ್ಣೂರು ದಾಟಿ ಹೊಳೆಯಾಚೆಗೆ. ಜಪಾನ ಸರ್ ತಿರುಗಿ ಬಂದಾಗ, ಹುಡುಗಿ ಅಜ್ಜಿಯನ್ನು ನೋಡಲು ಹೋದವಳು ಹೊಳೆಯಾಚೆ ಸಿಕ್ಕಿಬಿದ್ದಿದ್ದಾಳೆ, ಸೇತುವೆ ತೆರೆದ ಕೂಡಲೇ ಬರುತ್ತಾಳೆ ಎಂದೆ. ಅವಳು ಬಿದ್ದದ್ದನ್ನು ಕಂಡ ಉಳಿದ ಹುಡುಗಿಯರಿಗೆ ಬಾಯಿ ಬಿಡದಂತೆ ಮೊದಲೇ ತಾಕೀತು ಮಾಡಿದ್ದೆ. ನಮ್ಮ ಕಡೆ ಇದಕ್ಕೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಪ್ರತಿ ದೊಡ್ಡ ಮಳೆಗೆ ಯಾರಾದರೂ ಆಚೆ ಸಿಕ್ಕಿಬಿದ್ದೇ ಇರುತ್ತಾರೆ. ರಜಿಯಾ ಮಾತ್ರ ಮೈದಾನದಿಂದ ಮೂರು ಓಣಿ ಆಚೆಗೆ, ಗಾದಿ ಅಂಗಡಿಯ ಹಿಂದಿನ ಖೋಲಿಯಲ್ಲಿ ಕಾಲು ಚಾಚಿ ಕೂತಿದ್ದಳು.

ಜಪಾನ ಸರ್ ದಿನಾ ಕೇಳಿದರು, ಸೇತುವೆ ತೆರೆಯಿತೇ ಎಂದು. ಐದನೇ ದಿನ ಕೇಳಲಿಲ್ಲ, ಬೂಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು. ನಾನು ಹಿಂದೆ ಹೋಗಲೇಬೇಕಾಯಿತು. ಗಜೇಂದ್ರಗಡದಿಂದ ರೋಣ, ರೋಣದಿಂದ ನರಗುಂದ, ಅಲ್ಲಿಂದ ಒಂದು ಟ್ರ್ಯಾಕ್ಸ್ ಜೀಪಿನಲ್ಲಿ ಕೊಣ್ಣೂರು. ಜಿಟಿಜಿಟಿ ಮಳೆ. ಸೇತುವೆಯ ಜಾಗದಲ್ಲಿ ರಾಡಿನೀರು ಹೊರಳುತ್ತಿತ್ತು, ಜೋಳದ ಕಣಿಕೆಯ ಒಂದು ಬಣವೆ ಇಡಿಯಾಗಿ ತೇಲಿ ಹೋಯಿತು. ಅವರು ಪೊಲೀಸಿನವರ ಹಗ್ಗದವರೆಗೂ ಹೋಗಿ ಆಚೆಯ ದಂಡೆಯನ್ನು ನೋಡುತ್ತ ನಿಂತರು. ಪಕ್ಕದಲ್ಲಿ ನಿಂತಿದ್ದ ರೈತನೊಬ್ಬನಿಗೆ ಆ ಊರಿನ ಹೆಸರು ಹೇಳಿ ಕೈ ಮಾಡಿ ಕೇಳಿದರು.

"ಕೆಳಗಿನ ಓಣಿಯೊಳಗ ನೀರ ಹೊಕ್ಕೈತಿ ಅಂತಾರ್ರಿ. ಮಂದೀನ ಸಾಲಿಯೊಳಗ ಇಟ್ಟಾರಂತ" ಎಂದ ರೈತ.

ಏನಂದ ಎಂದು ಅವರು ನನ್ನ ಕಡೆ ತಿರುಗಿದರು. ಎಲ್ಲರೂ ಚೆನ್ನಾಗಿದ್ದಾರಂತೆ ಎಂದೆ. ಅವರು ನಂಬಿದರು. ಚೀಲದಿಂದ ಕಾಗದ ಸುತ್ತಿದ ಒಂದು ಜೊತೆ ಹೊಸ ಕಾಲುಚೀಲ ತೆಗೆದು, ಬೆಂಗಳೂರಿನಲ್ಲಿ ಅವಳಿಗೆಂದು ಕೊಂಡದ್ದು, ಆಚೆ ಯಾರಾದರೂ ಹೋಗುವವರಿದ್ದರೆ ಕೊಡಬಹುದೇ ಎಂದು ಕೇಳಿದರು. ಆ ಹೊತ್ತಿಗಾದರೂ ನಿಜ ಹೇಳಬಹುದಿತ್ತು. ನಾನು ಹೇಳಲಿಲ್ಲ, ಏಕೆಂದರೆ ನರಗುಂದದ ಗೋಡೆಗಳ ಮೇಲೆಲ್ಲ ಆಗಲೇ ಪಂದ್ಯದ ಪೋಸ್ಟರ್ ಹಚ್ಚಿದ್ದರು, ಅವರ ಫೋಟೋದ ಕೆಳಗೆ ನನ್ನದೂ ಇತ್ತು.

ಪಂದ್ಯದ ಹಿಂದಿನ ದಿನ ಸಂಜೆ ಗಾದಿ ಅಂಗಡಿಗೆ ಹೋದೆ. ಕಟ್ಟು ಹಾಕಿ ಹನ್ನೊಂದು ದಿನ.

"ಅಜ್ಜ ಇಪ್ಪತ್ತೊಂದ ಅಂದಿದ್ರಲ್ರಿ ಸರ್" ಎಂದರು ದಸ್ತಗೀರಸಾಬ.

"ಅದು ಹೊಲದಾಗ ದುಡಿಯೋ ಮಂದಿಗೆ ಹೇಳೂ ಲೆಕ್ಕ. ಆಡೂ ಮಕ್ಕಳ ಎಲುಬು ಲಗೂ ಕೂಡ್ತೈತಿ."

"ನೀವ ಕಲಿಸಾವ್ರು. ನೀವ ಹೇಳಿದ್ರ ಮುಗೀತ್ರಿ" ಎಂದು ಅವರು ಗಾದಿ ಅರಿವೆ ಕತ್ತರಿಸುವ ದೊಡ್ಡ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಒಣಗಿ ಹೆಂಟೆಯಾಗಿದ್ದ ಕಟ್ಟು ಚೂರುಚೂರಾಗಿ ಬಿತ್ತು. ಒಳಗಿನ ಕಾಲು ಬಿಳಿಚಿಕೊಂಡು ಮತ್ತೊಂದಕ್ಕಿಂತ ಸಣ್ಣದಾಗಿ ಕಂಡಿತು. ರಜಿಯಾ ಎದ್ದು ನಾಲ್ಕು ಹೆಜ್ಜೆ ನಡೆದು ನಕ್ಕಳು. ಆ ನಗು ನನಗೆ ಸಾಕಾಯಿತು. ಸೇತುವೆ ತೆರೆಯಿತು, ಅವಳು ನಾಳೆ ಸೀದಾ ನರಗುಂದಕ್ಕೆ ಬರುತ್ತಾಳೆ ಎಂದು ಜಪಾನ ಸರ್‌ಗೆ ಹೇಳಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಮರುದಿನ ನರಗುಂದದ ಮೈದಾನದ ಸುತ್ತ ನಿಲ್ಲಲು ಜಾಗವಿರಲಿಲ್ಲ. ಮರದ ಮೇಲೆ, ಟ್ರ್ಯಾಕ್ಟರಿನ ಮೇಲೆ ಜನ. ಜಪಾನ ಸರ್ ಇಳಿದದ್ದೇ ಕೂಗು ಎದ್ದಿತು. ಅವರು ಅತ್ತ ನೋಡದೆ ಸೀದಾ ರಜಿಯಾಳ ಹತ್ತಿರ ಬಂದು, ತಲೆಯ ಮೇಲೆ ಕೈಯಿಟ್ಟು, ಅಲ್ಲೇ ಮಂಡಿಯೂರಿ ಕಾಲುಚೀಲ ಬಿಚ್ಚಿಸಿದರು. ಹೆಬ್ಬೆರಳು ನಳಿಕೆಯ ಮೇಲೆ ಇಳಿಯುತ್ತ ಬಂದು ಒಂದು ಕಡೆ ನಿಂತಿತು.

"ನೋವು?" ಎಂದರು.

ರಜಿಯಾ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಭಾರ ಹಾಕಿದ್ರ ಒಳಗ ಜುಮ್ಮ ಅಂತೈತ್ರಿ ಸರ್. ಅವ್ರಿಗೆ ಹೇಳ್ರಿ."

ಕಟ್ಟು ಬಿಚ್ಚಿದ ರಾತ್ರಿಯಿಡೀ ಅವಳು ಯೋಚಿಸಿದ್ದಿರಬೇಕು. ಹಾಸ್ಟೆಲು, ಟ್ರಂಕು ಎಲ್ಲ ಬದಿಗಿಟ್ಟು, ಆ ಮನುಷ್ಯ ಕಲಿಸಿದಂತೆ ನಡೆದುಕೊಂಡಳು. ಜಪಾನ ಸರ್ ನನ್ನ ಕಡೆ ನೋಡಿದರು.

"ನೋ ಪೇನ್, ಸರ್" ಎಂದೆ ನಾನು. "ಆಡಲು ತಯಾರಿದ್ದೇನೆ ಎನ್ನುತ್ತಿದ್ದಾಳೆ."

ಅವರು ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ತಾವೇ ಕಾಲುಚೀಲ ಏರಿಸಿ, ಬೂಟಿನ ದಾರ ಕಟ್ಟಿದರು.

ಮೊದಲರ್ಧದಲ್ಲಿ ಅವಳು ಒಂದು ಗೋಲು ಹೊಡೆದಳು, ಅದೇ ಎಡಗಾಲಿನಿಂದ. ಆಯ್ಕೆಗಾರರು ಒಬ್ಬರ ಕಿವಿಯಲ್ಲೊಬ್ಬರು ಏನೋ ಹೇಳಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಎರಡನೇ ಅರ್ಧದಲ್ಲಿ ಎದುರಿನ ಹುಡುಗಿಯೊಬ್ಬಳು ಚೆಂಡಿಗೆಂದು ಬೀಸಿದ ಕಾಲು ಅವಳ ನಳಿಕೆಗೆ ತಾಗಿತು. ದೊಡ್ಡ ಪೆಟ್ಟೇನಲ್ಲ. ಮುರಿದ ಸಪ್ಪಳ ಮಾತ್ರ ನಾನು ನಿಂತಲ್ಲಿಗೆ ಕೇಳಿಸಿತು.

ಹುಬ್ಬಳ್ಳಿಯಲ್ಲಿ ಮೂರು ಆಪರೇಷನ್. ರಾಡು ಹಾಕಿದರು, ಕೀವಾಯಿತು, ತೆಗೆದರು, ಮತ್ತೆ ಹಾಕಿದರು. ಕಾಲು ಉಳಿಯಿತು, ಒಂದಿಂಚು ಗಿಡ್ಡವಾಗಿ. ಅವಳು ಮತ್ತೆ ಓಡಲಿಲ್ಲ.

ಜನ ತಿರುಗಿ ಬೀಳಲು ಎರಡು ದಿನವೂ ಬೇಕಾಗಲಿಲ್ಲ. ರೊಟ್ಟಿ ತಿಂದ ವಿಡಿಯೋ ಹರಿದಾಡಿದ ಗುಂಪುಗಳಲ್ಲೇ, ಪರದೇಶದವನೊಬ್ಬ ಕಪ್ ಗೆಲ್ಲುವ ಆಸೆಗೆ ಬಡವರ ಹುಡುಗಿಯ ಕಾಲು ಮುರಿಸಿದ ಎಂದು ಬರೆದರು. ಶಾಲು ಹೊದಿಸಿದವರೇ ಮುಂದೆ ನಿಂತರು. ಟ್ರಸ್ಟಿನವರು ಶಾಲೆಯಲ್ಲಿ ಸಭೆ ಕರೆದರು, ಊರಿನ ಹಿರಿಯರೂ ಬಂದರು. ಹುಡುಗಿಯ ಕಾಲಿಗೆ ಮೊದಲೇ ಪೆಟ್ಟಾಗಿತ್ತೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರಲ್ಲ, ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ದಸ್ತಗೀರಸಾಬ ಹುಬ್ಬಳ್ಳಿಯಲ್ಲಿ ಮಗಳ ಹತ್ತಿರ ಇದ್ದರು. ಗೊತ್ತಿದ್ದವನು ಕೋಣೆಯಲ್ಲಿ ನಾನೊಬ್ಬನೇ ಎಂದು ಆಗ ತಿಳಿದುಕೊಂಡಿದ್ದೆ.

ಜಪಾನ ಸರ್ ಎದ್ದು ನಿಂತರು. "ಕಾಲು ನೋಡಿದ್ದು ನಾನು. ಆಡಿಸಿದ್ದು ನಾನು. ತಪ್ಪು ನನ್ನದು" ಎಂದರು. ಅದನ್ನು ಸಭೆಗೆ ಕನ್ನಡದಲ್ಲಿ ಹೇಳಬೇಕಾದವನು ನಾನೇ. ಆ ದಿನ ಒಂದಕ್ಷರವೂ ತಪ್ಪದಂತೆ ಅನುವಾದ ಮಾಡಿದೆ.

ವಾರದ ನಂತರ ಅವರು ಗದಗಿನ ಬಸ್ಸು ಹತ್ತಿದರು. ಬಂದಾಗ ಡೊಳ್ಳು ಹೊಡೆದ ಬಸ್ ಸ್ಟ್ಯಾಂಡಿನಲ್ಲಿ ಅಂದು ಒಬ್ಬರೂ ಇರಲಿಲ್ಲ. ನಾನಿದ್ದೆ, ಎದುರಿನ ಚಹಾದಂಗಡಿಯ ಒಳಗೆ, ಪೇಪರ್ ಅಡ್ಡ ಹಿಡಿದುಕೊಂಡು. ಬಸ್ಸು ಹೋದ ಮೇಲೆ ಎದೆಯ ಭಾರ ಇಳಿದಂತಾಯಿತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ಅವರು ತಮ್ಮ ದೇಶಕ್ಕೆ ಹೋಗಿ ಹೆಣ್ಣುಮಕ್ಕಳ ತಂಡವೊಂದರ ಕೋಚ್ ಆದರು. ತಂಡ ಕೆಳಗಿನಿಂದ ಮೇಲಿನ ದರ್ಜೆಗೆ ಏರಿತು. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತಾರೆ. ತಲೆ ನರೆತಿದೆ, ಸುತ್ತ ಸಾವಿರಾರು ಜನ ಬಾವುಟ ಬೀಸುತ್ತಿರುತ್ತಾರೆ. ಸ್ಕೂಟರಿನಿಂದ ಬಿದ್ದಾಗ ನಾನು ನೋಡುತ್ತಿದ್ದದ್ದು ಅಂಥದೇ ಒಂದು ವಿಡಿಯೋ. ನಾನು ನಿವೃತ್ತನಾದೆ. ರಜಿಯಾ ಅಪ್ಪನ ಅಂಗಡಿ ನೋಡಿಕೊಳ್ಳುತ್ತಾಳೆ. ಇಷ್ಟು ವರ್ಷ ಆ ಓಣಿ ಬಿಟ್ಟು ಸುತ್ತುಹಾಕಿ ಓಡಾಡಿದ್ದೇನೆ.

ಬೆಳವಣಕಿಯಿಂದ ಬಂದ ಮರುದಿನ, ಕೊರಳಿಗೆ ಕೈ ಜೋತುಹಾಕಿಕೊಂಡು ಅಲ್ಲಿಗೆ ಹೋದೆ. ಅವಳು ಅರಳೆ ತುಂಬಿದ ಗಾದಿಯ ಮೇಲೆ ಕೂತು ದಬ್ಬಣದಿಂದ ಟಾಕೆ ಹಾಕುತ್ತಿದ್ದಳು. ಅಪ್ಪ ರೋಣದ ಪೇಟೆಗೆ ಅರಳೆ ತರಲು ಹೋಗಿದ್ದಾರೆ ಎಂದಳು. ಏಳಲು ಹೊರಟವಳನ್ನು ಬೇಡವೆಂದೆ. ನಿಂತುಕೊಂಡೇ ಹೇಳಿದೆ, ಆ ದಿನ ನೀನು ಹೇಳಿದ್ದು ಒಂದು, ನಾನು ಅವರಿಗೆ ಹೇಳಿದ್ದು ಇನ್ನೊಂದು ಎಂದು.

ದಬ್ಬಣ ನಿಲ್ಲಲಿಲ್ಲ. "ಗೊತ್ತೈತ್ರಿ ಸರ್. ನೋ ಪೇನ್ ಅಂದ್ರಿ. ಅಷ್ಟ ಇಂಗ್ಲಿಷ್ ನನಗ ಬರತಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ಅಷ್ಟ ಮಂದಿ ಮುಂದ ನನ್ನ ಸರ್ ಸುಳ್ಳ ಹೇಳತಾರಂತ ಹ್ಯಾಂಗ ಹೇಳ್ಲಿರಿ?"

ಅಲ್ಲೇ ಕಟ್ಟೆಯ ಮೇಲೆ ಕೂತೆ. ತಪ್ಪಾಯಿತು ಎಂದೆ, ಎರಡು ಸಲ. ಅವಳು ದಾರ ಕಡಿದು, ಫೋನು ಕೈಗೆತ್ತಿಕೊಂಡಳು. "ನನಗ ಹೇಳಿ ಏನ ಮಾಡೂದೈತ್ರಿ. ಅವ್ರಿಗೆ ಹೇಳ್ರಿ. ವರ್ಷಕ್ಕೊಮ್ಮೆ ಫೋನ ಮಾಡ್ತಾರ, ಕಾಲ ಹ್ಯಾಂಗೈತಿ ಅಂತ ಕೇಳಾಕ" ಎಂದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು.

ರಜಿಯಾ ಎಂದು ಆ ಕಡೆಯಿಂದ ದನಿ ಬಂತು. ನಾನು ಅಂಗಡಿ ಮಾಸ್ತರ ಎಂದೆ. ಆಮೇಲೆ ಸೇತುವೆಯಿಂದ ಹಿಡಿದು ಕಾಲುಚೀಲದವರೆಗೆ ಎಲ್ಲ ಹೇಳಿದೆ, ಉಸಿರು ತೆಗೆದುಕೊಳ್ಳದೆ, ನನ್ನ ಹರಕು ಇಂಗ್ಲಿಷಿನಲ್ಲಿ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ನಾಲ್ಕು ಮಾತು ಹೇಳಿ, ಫೋನು ಇಟ್ಟರು.

"ಅವ್ರು ಏನಂದ್ರರಿ?" ಎಂದು ರಜಿಯಾ ಕೇಳಿದಳು.

ನಾನು ತಡವರಿಸಿದೆ. ಅವಳು ದಬ್ಬಣ ಕೆಳಗಿಟ್ಟು ನನ್ನನ್ನೇ ನೋಡುತ್ತ ಕೂತಿದ್ದಳು. ಅವರು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ: "ನನ್ನ ಹೆಬ್ಬೆರಳಿಗೆ ಬಿರುಕು ತಾಗಿತ್ತು. ನೀವು ನೋ ಪೇನ್ ಎಂದಾಗ ಅವಳ ಮುಖವನ್ನೂ ನೋಡಿದೆ. ನನಗೆ ಗೊತ್ತಾಯಿತು. ನನಗೂ ಒಮ್ಮೆ ಗೆಲ್ಲಬೇಕಿತ್ತು."

ಅವಳು ದಬ್ಬಣಕ್ಕೆ ದಾರ ಪೋಣಿಸಿದಳು. ಎರಡು ಟಾಕೆ ಹಾಕಿದ ಮೇಲೆ ತಲೆ ಎತ್ತದೆಯೇ ಅಂದಳು:

"ಹಂಗಾದ್ರ ಮೂರೂ ಮಂದಿಗೆ ಗೊತ್ತಿತ್ತರಿ. ಕಾಲ ಮಾತ್ರ ನನ್ನದಿತ್ತು."